ಒಂದು ವಾಕ್ಯದ ಊಟ

ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆಗೆ ಆ ಮನೆಯಲ್ಲಿ ಸೌಟು ಗಾಳಿಯಲ್ಲಿ ನಿಲ್ಲುತ್ತಿತ್ತು. ಸೌಟಿನಲ್ಲಿ ಕೋಳಿಯ ಕಾಲಿನ ತುಂಡು, ಕೆಳಗೆ ಮೊಮ್ಮಗಳ ತಟ್ಟೆ, ನಡುವೆ ಅಜ್ಜಿಯ ಪ್ರಶ್ನೆ.

“ಇವತ್ತು ಪ್ರಸಂಗದಲ್ಲಿ ಏನು ಹೇಳಿದ್ರು?”

ಚರ್ಚಿಗೆ ಹೋಗಿ ಬಂದ ಮಗು ಪಾದ್ರಿಗಳ ಮಾತಿನಲ್ಲಿ ಒಂದು ವಾಕ್ಯವನ್ನು ತಂದು ಒಪ್ಪಿಸಬೇಕು. ಒಪ್ಪಿಸಿದರೆ ಕಾಲಿನ ತುಂಡು. ಇಲ್ಲವಾದರೆ ಸೌಟು ಪಾತ್ರೆಗೆ ವಾಪಸು ಹೋಗಿ ಕುತ್ತಿಗೆಯ ತುಂಡನ್ನು ಎತ್ತಿಕೊಂಡು ಬರುತ್ತಿತ್ತು. ಅದನ್ನು ಕಚ್ಚಿ ಎಳೆದು ಮುಗಿಸುವಷ್ಟರಲ್ಲಿ ಮಿಕ್ಕವರು ಕೈತೊಳೆದು ಎದ್ದಿರುತ್ತಿದ್ದರು. ಈ ಕಾನೂನನ್ನು ಅಜ್ಜಿ ಮಾಡಿದ್ದು ಮೊಮ್ಮಕ್ಕಳಿಗಾಗಿ ಅಲ್ಲ. ಮೂವತ್ತನಾಲ್ಕು ವರ್ಷದ ಹಿಂದೆ, ತನ್ನ ಒಬ್ಬನೇ ಮಗನಿಗಾಗಿ. ಮಗನ ಮೀಸೆ ನರೆತರೂ ಕಾನೂನು ಮಾತ್ರ ಗಟ್ಟಿಮುಟ್ಟಾಗಿದೆ ಎಂದು ಅವಳು ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಮಕ್ಕಳಿಗೆ ಚರ್ಚಿನ ರೂಢಿ ಹಿಡಿಸುವುದು ಹೇಗೆಂದು ಯಾರಾದರೂ ತನ್ನನ್ನು ಕೇಳಲಿ, ಕೂರಿಸಿ ಹೇಳಿಕೊಡುತ್ತೇನೆ ಎಂಬ ಗತ್ತು ಬೇರೆ. ಕೇಳಲು ಯಾರೂ ಬರಲಿಲ್ಲ, ಆ ಮಾತು ಬಿಡಿ.

ಬೀದಿಯವರು ಅವಳನ್ನು ಕಾಜಾ ಅಜ್ಜಿ ಎನ್ನುತ್ತಿದ್ದರು. ಕೋಟಿನಲ್ಲಿ ಗುಂಡಿ ತೂರಿಸುವ ಸೀಳಿಗೆ ಸುತ್ತಲೂ ಕೈಹೊಲಿಗೆ ಹಾಕುವುದು, ಅಂದರೆ ಕಾಜಾ ಮಾಡುವುದು, ಅವಳ ಕಸುಬು. ಬಟ್ಟೆ ಕಾರ್ಖಾನೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದಳು. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎರಡು ಟೈಲರ್ ಅಂಗಡಿಗಳಿಗೆ ಮಾಡಿಕೊಡುತ್ತಿದ್ದಳು. ದಾರಕ್ಕೆ ಮೇಣ ಉಜ್ಜಬೇಕು, ಸೀಳಿನ ಅಂಚಿನುದ್ದಕ್ಕೂ ಒತ್ತೊತ್ತಾಗಿ ಗಂಟು ಬರುವ ಹಾಗೆ ಸೂಜಿ ಎಳೆಯಬೇಕು, ಒಂದು ಕಾಜಾಕ್ಕೆ ಹದಿನೈದು ನಿಮಿಷ. ಕೈಗೆ ತುಂಬ ಕೆಲಸ, ತಲೆಗೆ ಏನೂ ಇಲ್ಲ. ಆ ಖಾಲಿ ತಲೆಯೊಳಗೆ ಅವಳು ಭಾನುವಾರದ ವಾಕ್ಯವನ್ನು ಇಟ್ಟುಕೊಂಡು ವಾರವಿಡೀ ಮೆಲ್ಲುತ್ತಿದ್ದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುವಂಥ ದೊಡ್ಡ ವಿಷಯವೆಂದು ಅವಳಿಗೇ ಅನ್ನಿಸಿರಲಿಲ್ಲ.

ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೂರನೆಯ ಮಹಡಿಯ ಆ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ಈಗ ಐದು ಜನ. ಮಗ ಲಿಫ್ಟ್ ಮೆಕ್ಯಾನಿಕ್. ಭಾನುವಾರ ಆಫೀಸು ಕಟ್ಟಡಗಳು ಖಾಲಿ ಇರುವುದರಿಂದ ಕಂಪನಿಯವರು ಅವತ್ತೇ ಡ್ಯೂಟಿ ಹಾಕುತ್ತಾರೆ ಎಂದು ಹೇಳಿ ಬೆಳಿಗ್ಗೆ ಎಂಟಕ್ಕೆ ನೀಲಿ ಸಮವಸ್ತ್ರ ತೊಟ್ಟು ಹೊರಟರೆ ಊಟದ ಹೊತ್ತಿಗೆ ಬರುತ್ತಿದ್ದ. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊದಲೆಲ್ಲ ಮಕ್ಕಳನ್ನು ಚರ್ಚಿಗೆ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಅಂಗಡಿಯವರು ಭಾನುವಾರವೂ ಮಧ್ಯಾಹ್ನದವರೆಗೆ ಬಾಗಿಲು ತೆರೆಯಲು ಶುರುಮಾಡಿದ ಮೇಲೆ ಅದು ನಿಂತಿತು. ಹನ್ನೊಂದು ವರ್ಷದ ಮೊಮ್ಮಗಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು, ಒಂದು ಮಾತಿಗೆ ಎರಡು ಎದುರುಮಾತು ಅವಳ ಬಾಯಲ್ಲಿ ಸಿದ್ಧವಾಗಿರುತ್ತಿದ್ದವು. ಏಳು ವರ್ಷದ ಮೊಮ್ಮಗ ಬಟನ್. ದುಂಡಗಿದ್ದುದರಿಂದ ಅಜ್ಜಿಯೇ ಇಟ್ಟ ಹೆಸರು. ಚರ್ಚು ಹತ್ತು ನಿಮಿಷದ ದಾರಿ. ನಾಲ್ಕು ತಿಂಗಳಿನಿಂದ ಅಕ್ಕ ತಮ್ಮನ ಕೈಹಿಡಿದುಕೊಂಡು ಹೋಗಿ ಬರುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಇಬ್ಬರ ಕಾಲರ್ ಸರಿಮಾಡಿ, “ಕಿವಿ ತೆರ್ಕೊಂಡು ಕೂತ್ಕೊಳ್ಳಿ” ಎಂದು ಕಳಿಸಿ ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು.

ಆ ಭಾನುವಾರವೂ ಸೌಟು ನಿಂತಾಗ ಲಾಯರಮ್ಮ ತಡವರಿಸಲಿಲ್ಲ.

“ಕಾಯುವುದೂ ಪ್ರಾರ್ಥನೆಯೇ, ಅಂದ್ರು.”

ಅಜ್ಜಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಬಟನ್ನನ್ನು ಏನೂ ಕೇಳದೆ ಎರಡನೆಯ ಕಾಲನ್ನು ಅವನ ತಟ್ಟೆಗೆ ಹಾಕಿಬಿಟ್ಟಳು. ಮಗ ತಲೆ ಬಗ್ಗಿಸಿಕೊಂಡು ಅನ್ನ ಕಲಸುತ್ತಿದ್ದ. ಅವನ ಮೀಸೆಯಡಿ ಸಣ್ಣ ನಗುವೊಂದು ಬಂದು ಹೋಯಿತು. ಹೆಮ್ಮೆಯ ನಗು ಎಂದುಕೊಂಡಳು ಅಜ್ಜಿ.

ಸೋಮವಾರ, ಮಂಗಳವಾರ ಅವಳು ಒಂದು ಉಣ್ಣೆಯ ಕೋಟಿಗೆ ಕಾಜಾ ಮಾಡಿದಳು. ಕಾಯುವುದೂ ಪ್ರಾರ್ಥನೆಯೇ. ಕಾರ್ಖಾನೆಯ ಗೇಟಿನಲ್ಲಿ, ಆಸ್ಪತ್ರೆಯಲ್ಲಿ, ಒಲೆಯ ಮುಂದೆ ತಾನು ಕಾದದ್ದೆಲ್ಲ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಪಾದ್ರಿಗಳಿಗೆ ಒಳ್ಳೆಯದಾಗಲಿ ಎಂದುಕೊಂಡಳು.

ಬುಧವಾರ ಚರ್ಚಿನ ಪಿಯಾನೊ ಟೀಚರ್ ತನ್ನ ಕೋಟು ತೆಗೆದುಕೊಂಡು ಬಂದಳು. ಮೇಲಿನ ಕಾಜಾ ಬಿಚ್ಚಿಹೋಗಿತ್ತು. ಅಜ್ಜಿ ಅವಳನ್ನು ಕೂರಿಸಿ ಚಹಾ ಕೊಟ್ಟು, ಚರ್ಚಿನ ವಿಷಯದಲ್ಲಿ ತಾನೇನೂ ಹಿಂದೆ ಬಿದ್ದಿಲ್ಲ ಎಂದು ತೋರಿಸುವಂತೆ ಹೇಳಿದಳು: “ಈ ಸಲದ ಪ್ರಸಂಗ ಬಹಳ ಚೆನ್ನಾಗಿತ್ತಂತೆ ಟೀಚರ್. ಕಾಯುವುದೂ ಪ್ರಾರ್ಥನೆಯೇ ಅಂದ್ರಂತಲ್ಲ.”

ಟೀಚರ್ ಲೋಟ ಕೆಳಗಿಟ್ಟಳು. “ಯಾರು ಅಂದ್ರು? ಈ ಸಲ ಪ್ರಸಂಗವೇ ಇರಲಿಲ್ಲ. ಪಾದ್ರಿಗಳಿಗೆ ಗಂಟಲು ಕೂತು ಸ್ವರವೇ ಹೊರಡ್ತಿರಲಿಲ್ಲ. ಬರೀ ಹಾಡು ಹೇಳಿ, ಪ್ರಾರ್ಥನೆ ಮಾಡಿ ಮುಗಿಸಿದ್ವಿ.”

“ಮೊಮ್ಮಗಳು ಹೇಳಿದಳಲ್ಲ.”

“ಬಾಗಿಲಲ್ಲಿ ಕರಿಹಲಗೆ ಇದೆಯಲ್ಲ, ಪ್ರಸಂಗದ ವಿಷಯ ಬರೆಯೋದು, ಶನಿವಾರವೇ ಬರೆದಿಟ್ಟಿದ್ರು. ಅಳಿಸೋಕೆ ಮರೆತಿದ್ವಿ.” ಟೀಚರ್ ತಗ್ಗಿದ ದನಿಯಲ್ಲಿ ಕೇಳಿದಳು. “ಮಕ್ಕಳು ಹುಷಾರಾಗಿದ್ದಾರೆ ತಾನೆ? ಎರಡು ತಿಂಗಳಿಂದ ನಾನು ನೋಡೇ ಇಲ್ಲ. ಊರಿಗೆ ಹೋಗಿರಬೇಕು ಅಂದ್ಕೊಂಡಿದ್ದೆ.”

ಅಜ್ಜಿ ಟೀಚರಿನ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಹೊರಗಿನವರ ಮುಂದೆ ಮನೆಯ ಮಾನ ಬಿಟ್ಟುಕೊಡುವವಳಲ್ಲ. “ನೆಗಡಿ,” ಎಂದಳು. “ಒಬ್ಬರಿಂದ ಒಬ್ಬರಿಗೆ ಹತ್ತಿಬಿಟ್ಟಿದೆ.” ಎರಡು ತಿಂಗಳ ನೆಗಡಿಯನ್ನು ಟೀಚರ್ ನಂಬಿದಳೋ ಇಲ್ಲವೋ, ಚಹಾ ಕುಡಿದು ಹೊರಟುಹೋದಳು.

ಯಾರಿಗೂ ಬಾಯಿ ಬಿಡದೆ ಅಜ್ಜಿ ಭಾನುವಾರಕ್ಕಾಗಿ ಕಾದಳು. ಮೊಮ್ಮಗಳು ಹೋಮ್‌ವರ್ಕ್ ತಂದು ಪಕ್ಕದಲ್ಲಿ ಕೂತರೂ ಅವಳ ಮುಖ ನೋಡದೆ ಸೂಜಿ ಎಳೆದಳು. ಶನಿವಾರ ಒಂದು ಕಾಜಾವನ್ನು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು. ಇಷ್ಟು ವರ್ಷದಲ್ಲಿ ಹಾಗಾದದ್ದು ಬೆರಳೆಣಿಕೆಯಷ್ಟು ಸಲ.

ಭಾನುವಾರ ಮಕ್ಕಳು ಮೆಟ್ಟಿಲಿಳಿದು ಅರ್ಧ ಗಂಟೆಯಾಗುತ್ತಲೇ ಅವಳು ಒಲೆ ಆರಿಸಿದಳು. ಅರೆಬೆಂದ ಕೋಳಿಗೆ ಮುಚ್ಚಳ ಮುಚ್ಚಿ, ಮನೆಯ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಚರ್ಚಿನ ಬಾಗಿಲಲ್ಲಿ ಕರಿಹಲಗೆ ಇತ್ತು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಕೇಳುವ ಕಿವಿ ದೊಡ್ಡ ವರ. ಒಳಗೆ ಹಾಡು ನಡೆಯುತ್ತಿತ್ತು. ಕಂಬದ ಮರೆಯಲ್ಲಿ ನಿಂತು ಬೆಂಚುಗಳನ್ನು ಒಂದೊಂದಾಗಿ ನೋಡಿದಳು. ಬೇರೆಯವರ ಮಕ್ಕಳಿದ್ದರು. ತನ್ನ ಕೈಯಿಂದ ಈರುಳ್ಳಿ ವಾಸನೆ ಬರುತ್ತಿದ್ದುದರಿಂದ ಒಳಗೆ ಕಾಲಿಡಲು ನಾಚಿಕೆಯಾಗಿ ಮನೆಗೆ ವಾಪಸು ಬಂದು ಒಲೆ ಹಚ್ಚಿದಳು.

ಒಂದೂವರೆಗೆ ಐದೂ ಜನ ಮೇಜಿನ ಸುತ್ತ ಕೂತರು. ಸೌಟು ಮೇಲೆದ್ದಿತು.

“ಏನು ಹೇಳಿದ್ರು ಇವತ್ತು?”

“ಕೇಳುವ ಕಿವಿ ದೊಡ್ಡ ವರ ಅಂದ್ರು,” ಎಂದಳು ಲಾಯರಮ್ಮ, ತಟ್ಟೆಯನ್ನು ಮುಂದೆ ತಳ್ಳುತ್ತ.

“ಎಲ್ಲಿ ಕೂತಿದ್ರಿ?”

ಇಂಥ ಪ್ರಶ್ನೆ ಎಂದೂ ಬಂದಿರಲಿಲ್ಲ. “ಮೂರನೇ ಬೆಂಚು.”

“ಹೌದಾ. ನಾನೂ ಬಂದಿದ್ದೆ. ನನಗೆ ಕಾಣಲಿಲ್ಲವಲ್ಲ.”

ಲಾಯರಮ್ಮ ಅಪ್ಪನ ಕಡೆ ನೋಡಿದಳು. ಸೊಸೆ ನೀರು ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. ಅಕ್ಕ ಸಿಕ್ಕಿಬಿದ್ದದ್ದನ್ನು ನೋಡಲಾರದೆ ಬಟನ್ ಒಳ್ಳೆಯ ಮನಸ್ಸಿನಿಂದ ಸಹಾಯಕ್ಕೆ ಬಂದ.

“ಅಜ್ಜಿ, ನಾವು ಮೂರನೇ ಬೆಂಚಲ್ಲಿ ಇರಲಿಲ್ಲ. ಹನ್ನೊಂದನೇ ಮಹಡೀಲಿದ್ವಿ. ಅಪ್ಪ ಲಿಫ್ಟಿನ ಗುಂಡಿ ಒತ್ತೋಕೆ ನನಗೇ ಬಿಡ್ತಾರೆ.”

ಸೌಟು ಪಾತ್ರೆಯೊಳಗೆ ಬಿತ್ತು. ಸಾರು ಸಿಡಿದು ಮಗನ ನೀಲಿ ತೋಳಿನ ಮೇಲೆ ಬಿದ್ದರೂ ಅವನು ಅಲ್ಲಾಡಲಿಲ್ಲ.

“ಅಪ್ಪನಾ?” ಎಂದಳು ಸೊಸೆ. ದನಿ ಏರಲಿಲ್ಲ, ಏರಿದ್ದರೆ ವಾಸಿ ಇತ್ತು. “ಏನ್ರೀ ಇದು?”

ಮಗ ಕೈ ಒರೆಸಿಕೊಂಡ. “ಎರಡು ತಿಂಗಳ ಹಿಂದೆ ಒಂದಿನ ಇವರೇ ಓಡಿಬಂದ್ರು. ಚರ್ಚಿನ ಹಿಂದಿನ ಬೀದಿಯಲ್ಲೇ ಕೆಲಸ ಇತ್ತು. ಬೇಜಾರಾಗತ್ತೆ ಅಪ್ಪ, ಇಲ್ಲೇ ಇರ್ತೀವಿ ಅಂದ್ರು. ಇರಿ ಅಂದೆ.”

“ಆಮೇಲೆ ಪ್ರತಿ ವಾರ?” ಎಂದಳು ಸೊಸೆ.

“ಆಮೇಲೆ ಪ್ರತಿ ವಾರ.”

“ಆ ಹಲಗೆ ಓದೋ ಬುದ್ಧಿ ಯಾರದು?” ಎಂದಳು ಅಜ್ಜಿ.

ಲಾಯರಮ್ಮ ತಟ್ಟೆ ನೋಡುತ್ತಲೇ ಹೇಳಿದಳು. “ಅಪ್ಪನೇ ಹೇಳಿಕೊಟ್ಟಿದ್ದು. ಹಲಗೆ ಓದಿಕೊಂಡು ಹೋಗು, ಅಜ್ಜಿ ಎರಡನೇ ಪ್ರಶ್ನೆ ಯಾವತ್ತೂ ಕೇಳಲ್ಲ ಅಂದ್ರು.”

ಎರಡು ತಿಂಗಳು ಮೂವರೂ ಸೇರಿ ತನಗೆ ಚಳ್ಳೆಹಣ್ಣು ತಿನ್ನಿಸಿದರು. ಅಜ್ಜಿ ಮಗನ ಕಡೆ ತಿರುಗಿದಳು. “ನಾಚಿಕೆ ಆಗಲ್ವೇನೋ ನಿನಗೆ? ನೀನು ಹೋಗಲ್ಲ, ಹೋಗೋ ಮಕ್ಕಳ ಕಾಲಿಗೂ ಹಗ್ಗ ಕಟ್ತೀಯ. ಹದಿನೈದು ವರ್ಷ ಒಂದು ಭಾನುವಾರ ತಪ್ಪಿಸದೆ ಕಳಿಸಿದೆ ನಿನ್ನನ್ನ. ಇದಕ್ಕೇನಾ?”

“ಹದಿನೈದು ವರ್ಷ ಹೋಗಿದ್ದು ನಿಜ ಅಮ್ಮ,” ಎಂದ ಮಗ. “ಏನಕ್ಕೆ ಹೋಗ್ತಿದ್ದೆ ಗೊತ್ತಾ? ಒಂದು ವಾಕ್ಯಕ್ಕೆ. ಅಪ್ಪ ಕಾಣಿಕೆ ತಟ್ಟೆ ಹಿಡ್ಕೊಂಡು ಬಾಗಿಲ ಹತ್ತಿರ ನಿಂತಿರ್ತಿದ್ರು. ಬೆಂಚಲ್ಲಿ ನಾನೊಬ್ಬನೇ. ಒಂದು ವಾಕ್ಯ ಸಿಕ್ಕಿದ ತಕ್ಷಣ ಕಿವಿ ಮುಚ್ಕೊಂಡುಬಿಡ್ತಿದ್ದೆ. ಇನ್ನೊಂದು ಕೇಳಿದ್ರೆ ಮೊದಲನೇದು ಎಲ್ಲಿ ಮರೆತುಹೋಗತ್ತೋ ಅಂತ ಭಯ. ಆಮೇಲೆ ಹಲಗೆ ಬಂತು, ಸುಲಭ ಆಯ್ತು.”

“ನೆನಪಿಟ್ಕೊಳ್ಳಲಿ ಅಂತ ತಾನೆ ಕೇಳ್ತಿದ್ದಿದ್ದು?”

“ಒಂದು ಸಲ ನಿಜವಾಗಿ ನೆನಪಿಟ್ಕೊಂಡು ಬಂದಿದ್ದೆ. ಒಂಬತ್ತು ವರ್ಷ ಇರಬೇಕು ನನಗೆ. ಹಳೇ ಪಾದ್ರಿಗಳು ಪ್ರಸಂಗದ ಮಧ್ಯದಲ್ಲಿ ಅತ್ತುಬಿಟ್ರು. ಕನ್ನಡಕ ತೆಗೆದು ಸುಮ್ನೆ ನಿಂತ್ಕೊಂಡ್ರು, ತುಂಬ ಹೊತ್ತು. ನಾನು ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡ್ತಾ ಓಡಿಬಂದೆ. ಅಮ್ಮ, ಪಾದ್ರಿಗಳು ಅತ್ತುಬಿಟ್ರು, ಯಾಕಮ್ಮ ಅಂತ ಕೇಳಿದೆ. ನೀನು ಏನಂದೆ?”

ಅಜ್ಜಿ ನೆನಪಿಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ.

“ಅದು ಪ್ರಸಂಗ ಅಲ್ಲ, ಪ್ರಸಂಗದಲ್ಲಿ ಏನು ಹೇಳಿದ್ರು ಅದನ್ನ ಹೇಳು ಅಂದೆ. ಸೌಟು ಹೀಗೇ ಇತ್ತು, ಮೇಲೆ. ನಾನು ಬಾಯಿಗೆ ಬಂದದ್ದು ಏನೋ ಹೇಳಿದೆ. ಕಾಲು ಬಿತ್ತು. ತಿಂದೆ.” ಅವನು ಕುರ್ಚಿ ಹಿಂದಕ್ಕೆ ತಳ್ಳಿದ. “ಆಮೇಲೆ ಅಲ್ಲಿಂದ ಏನನ್ನೂ ಮನೆಗೆ ತರಲಿಲ್ಲ. ಕಂಪನಿಯವರು ನನಗೆ ಭಾನುವಾರದ ಡ್ಯೂಟಿ ಹಾಕಲ್ಲ ಅಮ್ಮ. ನಾನೇ ಕೇಳಿ ತಗೋತೀನಿ.”

ಸೊಸೆ ಅಷ್ಟು ಹೊತ್ತು ನಿಂತೇ ಇದ್ದಳು. “ನಮ್ಮಮ್ಮ ಮನೆಗೆ ಬಂದಮೇಲೆ ನಮ್ಮನ್ನ ಏನೂ ಕೇಳ್ತಿರಲಿಲ್ಲ,” ಎಂದಳು, ಯಾರಿಗೆಂದು ಗುರಿಯಿಲ್ಲದೆ. “ನಾಲ್ಕು ಮಕ್ಕಳು, ಒಂದೇ ಬೆಂಚು. ನಿದ್ದೆ ಬಂದ್ರೆ ಅವರ ತೊಡೆ ಮೇಲೆ ಮಲಗ್ತಿದ್ವಿ. ಪಕ್ಕದಲ್ಲಿ ಇರ್ತಿದ್ರು, ಅಷ್ಟೇ. ನಾನೂ ಹಾಗೇ ಮಾಡಬೇಕಿತ್ತು. ಅಂಗಡಿ ಅಂಗಡಿ ಅಂತ ಇವರಿಬ್ಬರನ್ನೇ ಬಿಟ್ಟುಬಿಟ್ಟೆ.”

ಅತ್ತೆಗೆ ಚುಚ್ಚಲೆಂದು ಆಡಿದ ಮಾತಲ್ಲ ಅದು. ಚುಚ್ಚಿತು ಮಾತ್ರ. ಅಜ್ಜಿ ಸಮರ್ಥಿಸಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಲಾಯರಮ್ಮನಿಗೆ ಧೈರ್ಯ ವಾಪಸು ಬಂದಿತ್ತು.

“ಅಜ್ಜಿ, ನೀನು ಯಾಕೆ ಚರ್ಚಿಗೆ ಹೋಗಲ್ಲ?”

“ನಾನು ಹೋದ್ರೆ ಅಡುಗೆ ಯಾರು ಮಾಡ್ತಾರೆ?”

ಉತ್ತರ ನೀರು ಕುಡಿದಷ್ಟು ಸಲೀಸಾಗಿ ಬಂತು. ಎಷ್ಟೋ ವರ್ಷಗಳಿಂದ ಅದೇ ಉತ್ತರ. ಗಂಡ ಕೇಳಿದಾಗಲೂ, ಪಾದ್ರಿಗಳು ಕೇಳಿದಾಗಲೂ. ಆದರೆ ಈ ಸಲ ಹೇಳಿದ ಮೇಲೆ ಅದು ಮೇಜಿನ ಮೇಲೆಯೇ ಉಳಿದುಬಿಟ್ಟಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ದಿನ ಕೋಳಿಯ ಎರಡು ಕಾಲುಗಳೂ ಪಾತ್ರೆಯಲ್ಲೇ ತಣ್ಣಗಾದವು.

ಆ ವಾರ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೊಸೆ ಗಂಡನೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಬಟನ್ನಿನ ಮೂಲಕ ಹೇಳಿಸುತ್ತಿದ್ದಳು. “ಗ್ಯಾಸ್ ಬುಕ್ ಮಾಡಬೇಕಂತೆ ಅಪ್ಪ.” “ಆಯ್ತು ಅಂತ ಹೇಳು.” ಅಡುಗೆಮನೆಯಿಂದ ಕೋಣೆಗೆ ನಾಲ್ಕು ಹೆಜ್ಜೆ. ಬಟನ್ ಅದನ್ನು ಆಟವೆಂದುಕೊಂಡು ಕುಣಿದಾಡುತ್ತ ಓಡಾಡಿದ.

ಅಜ್ಜಿ ಕಿಟಕಿಯ ಪಕ್ಕ ಕೂತು ಸೂಜಿ ಹಿಡಿದಳು. ಮೆಲ್ಲಲು ವಾಕ್ಯವಿರಲಿಲ್ಲ. ಹಳೆಯವನ್ನು ನೆನೆಯಹೋದರೆ ಪ್ರತಿಯೊಂದರ ಹಿಂದೆಯೂ ತಟ್ಟೆ ಹಿಡಿದು ಕೂತ ಹುಡುಗನ ಮುಖ ಬರುತ್ತಿತ್ತು. ಗಂಡನಿಗೆ ಕೆಲಸ ಹೋಗಿದ್ದ ವರ್ಷ ಅವಳು ಹಿಡಿದುಕೊಂಡಿದ್ದ ವಾಕ್ಯ, ತಾಯಿ ಸತ್ತ ವಾರದ ವಾಕ್ಯ, ಎಲ್ಲ ಅವನು ಗಡಿಬಿಡಿಯಲ್ಲಿ ಹೆಕ್ಕಿಕೊಂಡು ಬಂದದ್ದು. ಕೆಲವು ಅವನೇ ಕಟ್ಟಿದ್ದೂ ಇರಬಹುದು. ಅವುಗಳ ಮೇಲೆ ಅವಳು ಬದುಕಿದ್ದಳು. ಮದುವೆಗೆ ಮುಂಚೆ ಅವಳು ಚರ್ಚಿನಲ್ಲಿ ಎಲ್ಲರಿಗಿಂತ ಮುಂದಿನ ಬೆಂಚಿನವಳು. ಪಾದ್ರಿಗಳ ಮಾತಿನ ಒಂದು ಅಕ್ಷರವೂ ತಪ್ಪಬಾರದು. ಮದುವೆಯಾಗಿ ಕಾರ್ಖಾನೆ ಸೇರಿದ ಮೇಲೆ ವಾರದಲ್ಲಿ ಬಿಸಿ ಅಡುಗೆ ಮಾಡಲು ಸಿಗುತ್ತಿದ್ದುದು ಭಾನುವಾರ ಮಾತ್ರ. ಮೊದಲು ಒಂದು ವಾರ ಬಿಟ್ಟಳು, ಆಮೇಲೆ ಎರಡು. ಆಮೇಲೆ ಬಿಟ್ಟದ್ದೇ ರೂಢಿಯಾಯಿತು. ಪಾದ್ರಿಗಳು ಏನು ಹೇಳಿದರು ಎಂದು ಅವಳು ಮಗನನ್ನು ಮೊದಲ ಸಲ ಕೇಳಿದ್ದು ಆಸೆಯಿಂದ. ಅದು ಯಾವ ಭಾನುವಾರದಿಂದ ಕಾನೂನಾಯಿತೋ ಅವಳಿಗೆ ಗೊತ್ತಿಲ್ಲ. ಹುಡುಗ ಉತ್ತರ ಕೊಡಲು ಉದಾಸೀನ ಮಾಡಿದ, ಅವಳು ಸೌಟು ಎತ್ತಿದಳು, ಅಷ್ಟೇ ಇರಬೇಕು.

ಪಾದ್ರಿಗಳು ಯಾಕೆ ಅತ್ತರು? ಅದನ್ನು ಕೇಳಬೇಕಿತ್ತು. ಮೂವತ್ತೊಂದು ವರ್ಷ ತಡವಾಗಿ ಅವಳಿಗೆ ಅದನ್ನು ತಿಳಿಯುವ ಹಂಬಲ ಹತ್ತಿತು. ಆ ಪಾದ್ರಿಗಳು ಸತ್ತು ಯಾವ ಕಾಲವಾಯಿತೋ.

ಶನಿವಾರ ಊಟಕ್ಕೆ ಕೂತಾಗ ಅವಳು ಕಡ್ಡಿ ಮುರಿದಂತೆ ಹೇಳಿದಳು. “ನಾಳೆ ಮಕ್ಕಳ ಜೊತೆ ನಾನು ಹೋಗ್ತೀನಿ. ಮಧ್ಯಾಹ್ನಕ್ಕೆ ಬ್ರೆಡ್ಡು ಮೊಟ್ಟೆ ತಿಂದ್ರಾಯ್ತು.”

“ನಾನು ಬರಲ್ಲ,” ಎಂದಳು ಲಾಯರಮ್ಮ.

“ಬರದಿದ್ರೆ ಬಿಡು. ನನಗೆ ಬೆಂಚಲ್ಲಿ ಜಾಗ ಜಾಸ್ತಿ ಸಿಗತ್ತೆ.”

ಇಂಥ ಉತ್ತರಕ್ಕೆ ಲಾಯರಮ್ಮ ತಯಾರಾಗಿರಲಿಲ್ಲ. ಮರುದಿನ ಮುಖ ಊದಿಸಿಕೊಂಡು, ಹತ್ತು ಹೆಜ್ಜೆ ಹಿಂದೆ, ಬಂದಳು.

ಮೊದಲ ಭಾನುವಾರ ಅಜ್ಜಿಯ ಪಾಲಿಗೆ ಹಾಳಾಯಿತು ಎಂದೇ ಹೇಳಬೇಕು. ಹಾಡುಗಳು ಬದಲಾಗಿದ್ದವು, ಏಳುವುದು ಕೂರುವುದು ಮರೆತುಹೋಗಿತ್ತು. ಪಾದ್ರಿಗಳು ಮಾತು ಶುರುಮಾಡಿದಾಗ ಅವಳ ತಲೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದೇ ಸುತ್ತುತ್ತಿತ್ತು. ಮೇಲೆ ಫ್ಯಾನಿಗೆ ಮೂರು ರೆಕ್ಕೆ. ಇದನ್ನೇ ಮಗ ಹದಿನೈದು ವರ್ಷ ನೋಡಿರಬೇಕು ಎಂದುಕೊಂಡಳು. ಬಟನ್ ಅವಳ ತೋಳಿಗೆ ಒರಗಿ ನಿದ್ದೆಹೋದ. ಅವಳು ಎಬ್ಬಿಸಲಿಲ್ಲ.

ಮನೆಗೆ ಬಂದರೆ ಮೆಟ್ಟಿಲಲ್ಲೇ ಕೋಳಿ ಸಾರಿನ ಪರಿಮಳ. ಮಗ ಡ್ಯೂಟಿಗೆ ಹೋಗಿರಲಿಲ್ಲ. ಬನಿಯನ್ನಿನಲ್ಲಿ ಒಲೆಯ ಮುಂದೆ ನಿಂತು ಬೆವರುತ್ತಿದ್ದ. ಉಪ್ಪು ಜಾಸ್ತಿಯಾಗಿತ್ತು, ಅನ್ನ ತಳಹಿಡಿದಿತ್ತು. ಅವನು ಏನೂ ಕೇಳದೆ ಮಕ್ಕಳಿಬ್ಬರ ತಟ್ಟೆಗೆ ಕಾಲಿನ ತುಂಡು ಹಾಕಿದ. ಅಂಗಡಿಯಿಂದ ಬಂದ ಸೊಸೆ ಒಂದು ತುತ್ತು ಬಾಯಿಗಿಟ್ಟು, “ಉಪ್ಪಿನ ಡಬ್ಬ ಪೂರ್ತಿ ಖಾಲಿ ಮಾಡಿದ್ರಾ?” ಎಂದಳು. ಎಂಟು ದಿನದ ಮೇಲೆ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ವಾರಗಳು ಉರುಳಿದವು. ಸೊಸೆ ಅಂಗಡಿಯವರೊಡನೆ ಹೋರಾಡಿ ತಿಂಗಳಿಗೆ ಎರಡು ಭಾನುವಾರ ರಜೆ ಗಿಟ್ಟಿಸಿಕೊಂಡಳು. ಆಗ ನಾಲ್ವರು ಒಂದು ಬೆಂಚು, ಇಲ್ಲದಾಗ ಮೂವರು. ಲಾಯರಮ್ಮನಿಗೆ ಪಿಯಾನೊ ಟೀಚರ್ ಹಾಡಿನ ಪುಟ ತಿರುಗಿಸುವ ಕೆಲಸ ಕೊಟ್ಟಳು. ಅವಳ ಮುಖದ ಊತ ಇಳಿಯಿತು. ಬಟನ್ ಪ್ರಸಂಗ ಶುರುವಾದ ಕೂಡಲೇ ನಿದ್ದೆ ಹೋಗುವುದನ್ನು ಬಿಡಲಿಲ್ಲ. ಅಜ್ಜಿ ಯಾರನ್ನೂ ಏನೂ ಕೇಳಲಿಲ್ಲ. ಒಂದು ಸಲ ದಾರಿಯಲ್ಲಿ ಲಾಯರಮ್ಮನೇ, “ಅಜ್ಜಿ, ಪಾದ್ರಿಗಳು ಇವತ್ತು ಹೋದ ವಾರ ತೀರಿಕೊಂಡ ಆ ತಾತನ ಹೆಸರು ಹೇಳುವಾಗ ದನಿ ಯಾಕೆ ಹಾಗಾಯ್ತು?” ಎಂದು ಕೇಳಿದಳು. ಅಜ್ಜಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಆಮೇಲೆ ಮನೆ ಬರುವವರೆಗೆ ಇಬ್ಬರೂ ಅದನ್ನೇ ಮಾತಾಡಿದರು. ಆ ಸುಖದಲ್ಲಿ ಅವಳಿಗೆ ಅಳು ಬಂತು. ಇದೇ ಪ್ರಶ್ನೆ ಮನೆ ಬಾಗಿಲಿಗೆ ಓಡಿಬಂದಿದ್ದಾಗ ತಾನು ಅದನ್ನು ಒಳಗೆ ಕರೆಯಲಿಲ್ಲ.

ಮಗ ಮಾತ್ರ ಬರಲಿಲ್ಲ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಟನ್ನಿನ ಕಾಲರ್ ಸರಿಮಾಡುತ್ತಿದ್ದ, ತಾಯಿ ಮಾಡುತ್ತಿದ್ದ ಹಾಗೆಯೇ. ಆಮೇಲೆ ಈರುಳ್ಳಿ ಹೆಚ್ಚಲು ಹೋಗುತ್ತಿದ್ದ. ಅಡುಗೆ ದಿನದಿಂದ ದಿನಕ್ಕೆ ಚೆನ್ನಾಗಿ ಆಗುತ್ತಿತ್ತು. ಅದೇ ಅಜ್ಜಿಗೆ ಸಂಕಟ.

ಏಳನೆಯ ಭಾನುವಾರ ಸೊಸೆಗೂ ರಜೆ. ಎಲ್ಲರೂ ಊಟಕ್ಕೆ ಕೂತಿದ್ದರು. ಮಗ ಬಡಿಸುತ್ತ, ಕೀಟಲೆಯಲ್ಲ, ಸುಮ್ಮನೆ ಮಾತಿಗೆಂಬಂತೆ ತಾಯಿಯನ್ನು ಕೇಳಿದ.

“ಏನು ಹೇಳಿದ್ರಮ್ಮ ಇವತ್ತು?”

ಅಜ್ಜಿಗೆ ಹೇಳಲು ಬೇಕಾದಷ್ಟಿತ್ತು, ಆದರೆ ಬಾಯಿಗೆ ಬಂದದ್ದು ಬೇರೆ.

“ನಾನು ನಿನಗೆ ಪರೀಕ್ಷೆ ಮಾಡೋಕೆ ಕೇಳ್ತಿರಲಿಲ್ಲ ಕಣೋ. ನನಗೆ ಬೇಕಿತ್ತು. ವಾರವೆಲ್ಲ ಕಾರ್ಖಾನೇಲಿ ತಲೆ ಬಗ್ಗಿಸಿ ಕೂತಿರ್ತಿದ್ದೆ. ನೀನು ತಂದ ಒಂದು ಮಾತನ್ನೇ ಇಟ್ಕೊಂಡು ದಿನ ದೂಡ್ತಿದ್ದೆ. ಭಾನುವಾರ ಬರೋದನ್ನೇ ಕಾಯ್ತಿದ್ದೆ. ಅದನ್ನ ಕೇಳೋಕೆ ಬರಲಿಲ್ಲ ನನಗೆ. ಸೌಟು ಎತ್ತಿ ಕೇಳಿದೆ.”

ಮಗ ಅವಳನ್ನು ನೋಡುತ್ತ ನಿಂತ. ಈ ಮನೆಯಲ್ಲಿ ನಲವತ್ತು ವರ್ಷ ಕಳೆದ ಮೇಲೆ ಅವನಿಗೆ ಅದು ಹೊಸ ಸುದ್ದಿ.

“ಆಗಲೇ ಹೇಳಿದ್ರೆ ಪೂರ್ತಿ ತಂದುಕೊಡ್ತಿದ್ದೆನಲ್ಲಮ್ಮ,” ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಜ್ಜಿ ಒಂದು ಮಾತು ಆಡಿ ಹಗುರಾಗುತ್ತಿದ್ದಳು. ಸೊಸೆ ಎದ್ದು ನೀರಿನ ಜಗ್ಗು ತುಂಬಿಸಿಕೊಂಡು ಬಂದಳು, ಅದು ತುಂಬಿಯೇ ಇದ್ದರೂ.

“ಮುಂದಿನ ವಾರ ನೀನೂ ಬಾ,” ಎಂದಳು ಅಜ್ಜಿ. “ಹಿಂದಿನ ಬೆಂಚಲ್ಲಿ ಕೂತ್ಕೋ. ಕೇಳಿಸ್ಕೊಳ್ಳದಿದ್ರೂ ಬೇಡ. ಪಕ್ಕದಲ್ಲಿ ಕೂತಿರು ಸಾಕು.”

ಮಗ ನಕ್ಕ. ಪಾತ್ರೆಗೆ ಸೌಟು ಹಾಕಿ ಬಟನ್ನಿಗೆಂದು ಕಾಲಿನ ತುಂಡು ಹುಡುಕತೊಡಗಿದ.

“ನಾನು ಬಂದ್ರೆ ಅಡುಗೆ ಯಾರು ಮಾಡ್ತಾರೆ?”

ತನ್ನದೇ ಮಾತು, ತನ್ನದೇ ದನಿ. ಅಜ್ಜಿ ಕಲಸಿದ ತುತ್ತನ್ನು ತಟ್ಟೆಗೆ ವಾಪಸು ಇಟ್ಟಳು. ಬೆಂಚಿನಲ್ಲಿ ಒಬ್ಬನೇ ಕೂತ ಹುಡುಗ ಅಲ್ಲಿಂದ ಏನನ್ನೂ ಮನೆಗೆ ತರಲಿಲ್ಲ. ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಒಂದು ಅಕ್ಷರ ತಪ್ಪದೆ ಕಲಿತಿದ್ದ.

ಬಟನ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ದೊಡ್ಡವರ ಮಾತು ಅವನಿಗೆ ಬಹಳ ಸರಿಯೆನ್ನಿಸಿತ್ತು.

“ನಾನೂ ದೊಡ್ಡವನಾದ್ಮೇಲೆ ಚರ್ಚಿಗೆ ಹೋಗಲ್ಲ,” ಎಂದ ಖುಷಿಯಿಂದ. “ಅಪ್ಪನ ಥರ ಮಕ್ಕಳನ್ನ ಕಳಿಸಿ ಮನೇಲಿ ಕೋಳಿ ಸಾರು ಮಾಡ್ತೀನಿ.”

ಮಗನ ಕೈಯಲ್ಲಿ ಸೌಟು ನಿಂತಿತು. ಅವನು ಬಟನ್ನಿನ ಮುಖ ನೋಡಿದ, ಆಮೇಲೆ ತಾಯಿಯ ಮುಖ ನೋಡಿದ. ಸೌಟಿನಿಂದ ಸಾರು ತೊಟ್ಟಿಕ್ಕಿ ಮೇಜಿನ ಬಟ್ಟೆಯ ಮೇಲೆ ಬೀಳುತ್ತಿತ್ತು. ಒರೆಸಲು ಯಾರೂ ಏಳಲಿಲ್ಲ.